ಆಫೀಸಿನ ಹಿತ್ತಲಲ್ಲಿ ನಾನು ಕಟ್ಟಿಸಿದ ಕಟ್ಟೆ

ಕಟ್ಟಡದ ಬೀಗದ ಕೈಗಳನ್ನು ಜೋಪಾನ ಮಾಡುವುದು ನನ್ನ ಕೆಲಸವಾಗಿತ್ತು. ಅದರೊಳಗೆ ಜನ ಎಲ್ಲಿ ಕೂರಬೇಕು ಎಂದು ತೀರ್ಮಾನಿಸುವುದು ನನ್ನ ಕೆಲಸವಾಗಿರಲಿಲ್ಲ. ಆದರೂ ಒಂದು ವರ್ಷ ಅದನ್ನೂ ಮಾಡಿದೆ. ಚೆನ್ನಾಗಿಯೇ ಮಾಡಿದೆ ಎಂದು ಆಗ ನಂಬಿದ್ದೆ.

ನಾನು ಓದಿದ್ದು ಕ್ಯಾತ್ಸಂದ್ರದ ಒಂದು ಉಚಿತ ಹಾಸ್ಟೆಲಿನಲ್ಲಿದ್ದುಕೊಂಡು. ನಾಲ್ಕೂವರೆಗೆ ಎಬ್ಬಿಸುವ ಗಂಟೆ, ಐದಕ್ಕೆ ತಣ್ಣೀರು, ಐದೂವರೆಗೆ ಪ್ರಾರ್ಥನೆ. ಊಟಕ್ಕೆ ಸಾಲು, ತಟ್ಟೆ ತೊಳೆಯಲು ಸಾಲು. ಸಾಲು ತಪ್ಪಿದವನಿಗೆ ಅಂದು ಮುದ್ದೆ ಇಲ್ಲ. ಮುಂದೆ ವ್ಯಾಯಾಮ ಶಿಕ್ಷಕನೂ ವಾರ್ಡನ್ನೂ ಆಗಿ, ನಾನು ಕೇಳಿಸಿಕೊಂಡ ಗಂಟೆಯನ್ನೇ ಬೇರೆ ಮಕ್ಕಳಿಗೆ ಬಾರಿಸಿದೆ. ನಿವೃತ್ತನಾದ ತಿಂಗಳಲ್ಲೇ ಚೇಳೂರು ಕಡೆಯ ಕೊಬ್ಬರಿ ವ್ಯಾಪಾರಿಯೊಬ್ಬರು ಹೇಳಿ ಕಳಿಸಿದರು. ತುಮಕೂರಿನ ಗುಬ್ಬಿ ಗೇಟಿನ ಹತ್ತಿರ ಅವರದೊಂದು ನಾಲ್ಕಂತಸ್ತಿನ ಕಟ್ಟಡವಿತ್ತು, ಪೂರ್ತಿ ಆಫೀಸುಗಳಿಗೆ ಬಾಡಿಗೆಗೆ ಕೊಟ್ಟದ್ದು. ಅದನ್ನು ನೋಡಿಕೊಳ್ಳಲು ಅವರಿಗೆ ಕಟ್ಟುನಿಟ್ಟಿನ ಮನುಷ್ಯ ಬೇಕಿತ್ತು. ನಾನು ಹಾಗೆಯೇ ಇದ್ದೆ.

ಕೆಳಗೆ ವಿಮೆ ಕಚೇರಿ. ಮೊದಲ ಮಹಡಿಯಲ್ಲಿ ಆಡಿಟರು. ಎರಡನೆಯದರಲ್ಲಿ, ಮಿಕ್ಸಿ ಫ್ರಿಜ್ಜು ಕೆಟ್ಟವರ ದೂರನ್ನು ಫೋನಿನಲ್ಲಿ ಕೇಳಿಸಿಕೊಳ್ಳುವ ಒಂದು ಕಂಪನಿ. ಅಲ್ಲಿ ಮೂವತ್ತು ಜನ ಹುಡುಗ ಹುಡುಗಿಯರು ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕೂತಿರುತ್ತಿದ್ದರು. ಮೂರನೆಯದರಲ್ಲಿ ವಕೀಲರು. ಒಂದು ದಿನ ದೂರು ಕಂಪನಿಯ ಮ್ಯಾನೇಜರು ಯಜಮಾನರಿಗೆ ಫೋನ್ ಮಾಡಿ, ರಿಂಗ್ ರೋಡಿನ ಹೊಸ ಕಟ್ಟಡದಲ್ಲಿ ಕ್ಯಾಂಟೀನ್ ಹಾಲು, ಹುಲ್ಲುಹಾಸು, ಬೆಂಚು ಎಲ್ಲ ಇದೆ, ಇಲ್ಲಿ ನಮ್ಮ ಹುಡುಗರು ಡಬ್ಬಿ ಬಿಚ್ಚಲು ಜಾಗವಿಲ್ಲ ಎಂದರಂತೆ. ಮಾರನೆಯ ದಿನವೇ ಯಜಮಾನರು ಬಂದು ಗೇಟಿನಲ್ಲಿ ನಿಂತೇ ಹೇಳಿದರು: "ಮೇಷ್ಟ್ರೇ, ಒಳಗೊಂದು ಜಾಗ, ಹೊರಗೊಂದು ಜಾಗ. ಎಲ್ರೂ ಸೇರಿ ಕೂರಂಗಿರ್ಬೇಕು. ಯಾರೂ ಖಾಲಿ ಮಾಡ್ಬಾರ್ದು, ಅಷ್ಟೇಯ."

ನಕ್ಷೆ ಮಾಡಲು ಕುಣಿಗಲ್ಲಿನಿಂದ ಒಬ್ಬ ಹುಡುಗಿ ಬಂದಳು. ಆರ್ಕಿಟೆಕ್ಟ್ ಓದು ಮುಗಿಸಿ ಸ್ವಂತವಾಗಿ ಹಿಡಿದ ಮೊದಲ ಕೆಲಸ. ಬಂದವಳು ಟೇಪು ತೆಗೆಯಲಿಲ್ಲ. ಮೂರು ದಿನ ಒಂದು ಸ್ಟೂಲು ಹಾಕಿಕೊಂಡು ಒಂದೊಂದು ಕಡೆ ಕೂತಳು. ಅರ್ಧ ಗಂಟೆಗೊಮ್ಮೆ ಎದ್ದು ಇಡೀ ಕಟ್ಟಡ ಸುತ್ತಿ, ಯಾರು ಎಲ್ಲಿ ನಿಂತಿದ್ದಾರೆ, ಎಲ್ಲಿ ಕೂತಿದ್ದಾರೆ ಎಂದು ಹಾಳೆಯ ಮೇಲೆ ಚುಕ್ಕಿ ಇಟ್ಟಳು. ಇದು ಕೆಲಸಗಳ್ಳತನ ಎಂದು ನನಗನ್ನಿಸಿತು. ಮೂರನೆಯ ದಿನ ಸಂಜೆ ಹಾಳೆಯನ್ನು ನನ್ನ ಮೇಜಿನ ಮೇಲೆ ಹರಡಿದಳು. ಮೆಟ್ಟಿಲ ತಿರುವಿನಲ್ಲಿ ಒಂದಿಷ್ಟು ಚುಕ್ಕಿ, ನೀರಿನ ಕ್ಯಾನಿನ ಹತ್ತಿರ ಒಂದಿಷ್ಟು. ಹಿಂದಿನ ಗೇಟಿನ ಪಕ್ಕ ಮಾತ್ರ ಇರುವೆ ಮುತ್ತಿದ ಹಾಗೆ ಕಪ್ಪಗಿತ್ತು.

"ಇಲ್ಲೇನಿದೆ ಸರ್?" ಎಂದಳು.

"ಏನೂ ಇಲ್ಲ. ಒಂದು ಅರಳಿಮರ. ಗುಡಿಸೋ ಹೆಂಗಸು ಅಲ್ಲಿ ಊಟ ಮಾಡ್ತಾಳೆ."

"ಅವರಿಗೋಸ್ಕರಾನೇ ಎಲ್ರೂ ಅಲ್ಲಿಗೆ ಹೋಗ್ತಾರೆ ಸರ್."

ಆ ಹೆಂಗಸು ಗುಬ್ಬಿ ಹತ್ತಿರದ ಒಂದು ಹಟ್ಟಿಯವಳು. ಕಟ್ಟಡದಲ್ಲಿ ಎಲ್ಲರಿಗೂ ಆಕೆ ಗುಬ್ಬಿಯಮ್ಮ. ಬೆಳಿಗ್ಗೆ ಏಳಕ್ಕೆ ಬಂದು ನಾಲ್ಕು ಅಂತಸ್ತು ಗುಡಿಸಿ, ಒರೆಸಿ, ಎಂಟು ಪಾಯಿಖಾನೆ ತೊಳೆಯುತ್ತಿದ್ದಳು. ಬಕೀಟು ಹಿಡಿದವರು ಲಿಫ್ಟ್ ಹತ್ತಬಾರದು ಎಂಬ ನಿಯಮ ನನ್ನದು, ಆದ್ದರಿಂದ ಮೆಟ್ಟಿಲ ಮೇಲೇ ಓಡಾಟ. ಒಂದು ಗಂಟೆಗೆ ಅರಳಿಮರದ ಕೆಳಗೆ ಬರುತ್ತಿದ್ದಳು. ಅಲ್ಲಿ ನಾಲ್ಕು ಸೈಜುಗಲ್ಲು ಜೋಡಿಸಿ ಮೇಲೊಂದು ಹಳೇ ಬಾಗಿಲ ಹಲಗೆ ಹಾಕಿಕೊಂಡಿದ್ದಳು. ನೆಲವನ್ನು ಕನ್ನಡಿಯ ಹಾಗೆ ಇಟ್ಟಿದ್ದಳು. ಹಲಗೆಯ ಮೇಲೆ ಎರಡೂ ಕಾಲು ನೀಡಿ ಕೂತು ಡಬ್ಬಿ ಬಿಚ್ಚಿದಳೆಂದರೆ ಸುತ್ತ ಜನ ಸೇರುತ್ತಿದ್ದರು.

ಕಾರಣವಿತ್ತು. ದೂರು ಕಂಪನಿಯ ಹುಡುಗಿಯರು ಬೆಳಿಗ್ಗೆಯಿಂದ ಬೈಸಿಕೊಂಡು ಬಂದಿರುತ್ತಿದ್ದರು. ಗುಬ್ಬಿಯಮ್ಮ ಒಬ್ಬೊಬ್ಬರನ್ನೇ ಕೇಳುತ್ತಿದ್ದಳು: "ಏನವ್ವ, ಇವತ್ತೇನಂದ್ರು?" ಅವರು ತಮಗೆ ಬಿದ್ದ ಬೈಗುಳವನ್ನು ಚಾಚೂ ತಪ್ಪದೆ ಒಪ್ಪಿಸಬೇಕು. ಕೇಳಿ ಆಕೆ ತೀರ್ಪು ಕೊಡುತ್ತಿದ್ದಳು. "ಥೂ, ಸಪ್ಪೆ ಬುಡು. ನಮ್ಮತ್ತೆ ಇದುನ್ನ ನಿದ್ದೆಗಣ್ಣಲ್ಲೇ ಬೈತಿದ್ಲು." ಅಳುತ್ತ ಬಂದವಳು ನಗುತ್ತ ಮೇಲೆ ಹೋಗುತ್ತಿದ್ದಳು. ವಕೀಲರ ಕಡೆಯ ಕಿರಿಯರು, ವಿಮೆಯ ಏಜೆಂಟರು, ಕೊರಿಯರಿನವರು ಎಲ್ಲ ಅಲ್ಲೇ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಸಾಲಿಲ್ಲ, ಹೊತ್ತಿಲ್ಲ, ಯಾರ ಡಬ್ಬಿಗೆ ಯಾರ ಕೈಯೋ. ನನಗೆ ಸಹಿಸಲು ಆಗುತ್ತಿರಲಿಲ್ಲ.

ಕುಣಿಗಲ್ಲಿನ ಹುಡುಗಿ ಗುಬ್ಬಿಯಮ್ಮನ ಹತ್ತಿರ ಕೂತು ಇನ್ನೊಂದು ವಿಷಯ ತಿಳಿದುಕೊಂಡು ಬಂದಿದ್ದಳು. ಆಕೆಯ ಕಾಲಿನ ನರಗಳು ಗಂಟುಗಟ್ಟಿ ಊದಿಕೊಂಡಿದ್ದವು. ಮಧ್ಯಾಹ್ನ ಒಂದು ಗಂಟೆ ಹೊತ್ತು ಕಾಲು ನೀಡಿ ಕೂತರೆ ಸಂಜೆಯವರೆಗೆ ಮೆಟ್ಟಿಲು ಹತ್ತಬಹುದು, ಇಲ್ಲದಿದ್ದರೆ ಕೆಲಸ ಬಿಡಬೇಕಾಗುತ್ತದೆ ಎಂದು ಜಿಲ್ಲಾ ಆಸ್ಪತ್ರೆಯ ಡಾಕ್ಟರು ಹೇಳಿದ್ದರಂತೆ. ಹುಡುಗಿ ಹೊರಗಿನ ಜಾಗದ ನಕ್ಷೆಯನ್ನು ಅಲ್ಲಿಂದಲೇ ಶುರು ಮಾಡಿದ್ದಳು. ಮರದ ಸುತ್ತ ಮೊಳದೆತ್ತರದ ಕಟ್ಟೆ, ಮೆಟ್ಟಿಲಿಲ್ಲ, ಪಕ್ಕದಲ್ಲೊಂದು ನಲ್ಲಿ. ಅಂಚಿನಲ್ಲಿ "ಕಾಲು ನೀಡುವಷ್ಟು ಅಗಲ" ಎಂದು ಬರೆದಿತ್ತು. ಒಳಗಿನ ಜಾಗಕ್ಕೆ ಮೊದಲ ಮಹಡಿಯಲ್ಲಿ ಆಡಿಟರ ಪಕ್ಕದ ಖಾಲಿ ಹಾಲು. ಕಿಟಕಿಗಳ ಪಕ್ಕ ಇಬ್ಬರಿಗೆ, ನಾಲ್ವರಿಗೆ, ಎಂಟು ಜನಕ್ಕೆ ಬೇರೆ ಬೇರೆ ಅಳತೆಯ ಮೇಜುಗಳು.

ಯಜಮಾನರು ನಕ್ಷೆಯನ್ನು ತಿರುಗಿಸಿಯೂ ನೋಡದೆ, "ಮೇಷ್ಟ್ರು ಹೇಳ್ದಂಗೆ" ಎಂದರು.

ಮೇಷ್ಟ್ರು ಹೇಳಿದ್ದು ಹೀಗೆ. ಹಾಲಿನಲ್ಲಿ ಆ ಮೇಜುಗಳು ಬೇಡ. ಗ್ರಾನೈಟಿನ ಎರಡು ಉದ್ದ ಸಾಲು, ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂರಬೇಕು. ಮೂರು ಬ್ಯಾಚು, ಮೂರಕ್ಕೂ ಗಂಟೆ. ಉಂಡ ಜಾಗವನ್ನು ಉಂಡವರೇ ಒರೆಸಬೇಕು. ಕಟ್ಟಡದ ಕೆಲಸದವರಿಗೆ ಅಲ್ಲಿ ಪ್ರವೇಶವಿಲ್ಲ, ಅದು ಬಾಡಿಗೆದಾರರ ಹಾಲು. ಮೊದಲ ವಾರ ಎಲ್ಲರೂ ಬಂದು ಗೋಡೆ ನೋಡುತ್ತ ಉಂಡರು. ಎರಡನೆಯ ವಾರ ದೂರು ಕಂಪನಿಯ ಒಬ್ಬ ಹುಡುಗ ಪಕ್ಕದವನಿಗೆ, "ಯಾವ್ ಕೇಸಲ್ಲೋ ನೀನು ಒಳಗ್ ಬಂದಿದ್ದು?" ಎಂದದ್ದು ನನ್ನ ಕಿವಿಗೆ ಬಿತ್ತು. ಸಾಲಿಗೆ ಸಾಲೇ ನಕ್ಕಿತು. ಮೂರನೆಯ ವಾರ ಹಾಲು ಖಾಲಿ ಹೊಡೆಯಿತು. ಜನ ಮತ್ತೆ ಮರದ ಕಡೆಗೇ ನಡೆದರು.

ಹೊರಗಿನ ಕಟ್ಟೆ ಆ ಹೊತ್ತಿಗೆ ಏಳುತ್ತಿತ್ತು. ಅದು ನಕ್ಷೆಯ ಕಟ್ಟೆಯಲ್ಲ. ಮೊಳದೆತ್ತರದ್ದನ್ನು ನಮ್ಮ ಕಡೆ ಯಾರೂ ಕಟ್ಟೆ ಎನ್ನುವುದಿಲ್ಲ. ನಾನು ಗಾರೆಯವನನ್ನು ಬಸ್ಸಿನಲ್ಲಿ ಕುಣಿಗಲ್ಲಿಗೆ ಕರೆದುಕೊಂಡು ಹೋಗಿ, ಕೆರೆಯ ಕಡೆಗೆ ಹೋಗುವ ದಾರಿಯ ಒಂದು ಹಳೇ ಕಟ್ಟೆಯನ್ನು ತೋರಿಸಿ ಟೇಪು ಹಿಡಿಸಿದೆ. ಸೊಂಟದೆತ್ತರ, ಪೂರ್ವಕ್ಕೆ ಮೂರು ಮೆಟ್ಟಿಲು, ಮುಂಭಾಗದಲ್ಲಿ ದೀಪದ ಗೂಡು. ಅದರಂತೆಯೇ ಕಟ್ಟಿಸಿದೆ. ಇನ್ನೊಂದು ಕೊರತೆಯಿತ್ತು. ಒಂಟಿ ಅರಳಿಗೆ ಕಟ್ಟೆ ಕಟ್ಟಬಾರದು, ಬೇವಿನ ಜೊತೆಯಿರಬೇಕು. ನರ್ಸರಿಯಿಂದ ಆಳೆತ್ತರದ ಬೇವಿನ ಗಿಡ ತಂದು ಅರಳಿಯ ಬುಡಕ್ಕೆ ನೆಡಿಸಿದೆ.

ಹುಡುಗಿ ನೋಡಲು ಬಂದವಳು ಕಟ್ಟೆಯ ಎತ್ತರವನ್ನು ಬಿಟ್ಟು ಗೂಡನ್ನೇ ನೋಡುತ್ತ ನಿಂತಳು.

"ಇದು ಯಾಕೆ ಸರ್?"

"ಕಟ್ಟೆ ಅಂದ್ಮೇಲೆ ಗೂಡಿರುತ್ತಮ್ಮ."

"ಗೂಡಿದ್ರೆ ಯಾರಾದ್ರೂ ದೀಪ ಹಚ್ತಾರೆ. ದೀಪ ಹಚ್ಚಿದ ಜಾಗದಲ್ಲಿ ಜನ ಡಬ್ಬಿ ಬಿಚ್ಚಲ್ಲ ಸರ್. ಕೈ ಮುಗಿದು ಹೋಗ್ತಾರೆ."

ನಿನಗಿಂತ ಹೆಚ್ಚು ಕಟ್ಟೆ ನೋಡಿದ್ದೇನೆ ಎಂದೆ. ಅದು ನಿಜ. ನಾನು ನೋಡಿದ್ದ ಕಟ್ಟೆಗಳ ಮೇಲೆ ಯಾರು ಕೂರುತ್ತಿದ್ದರು, ಯಾರು ಕೂರುತ್ತಿರಲಿಲ್ಲ ಎಂಬುದೂ ನನಗೆ ಗೊತ್ತಿದ್ದ ಸಂಗತಿಯೇ. ಅದನ್ನು ಆಗ ನೆನೆಯಲಿಲ್ಲ.

ಕಟ್ಟೆ ಮುಗಿದ ದಿನ ಅಯ್ಯನವರನ್ನು ಕರೆಸಿ ಪೂಜೆ ಮಾಡಿಸಿದೆ. ಗೂಡಿನಲ್ಲಿ ದೀಪ ಹಚ್ಚಿದರು. ಕಟ್ಟಡದವರಿಗೆಲ್ಲ ಪ್ರಸಾದದ ಚರ್ಪು ಹಂಚಿದ್ದಾಯಿತು. ಗುಬ್ಬಿಯಮ್ಮ ಮಾರನೆಯ ದಿನ ಇಬ್ಬರು ಹುಡುಗಿಯರ ಹೆಗಲು ಹಿಡಿದು ಮೂರು ಮೆಟ್ಟಿಲು ಹತ್ತಿ ಮೇಲೆ ಕೂತು ಕಾಲು ನೀಡಿದಳು. ಎತ್ತರವಾಯಿತೆಂದು ದೂರಲಿಲ್ಲ. ತನ್ನ ಹಲಗೆಯನ್ನು ಗಾರೆಯವನು ಸೆಂಟ್ರಿಂಗಿಗೆ ಒಯ್ದಿದ್ದನ್ನೂ ಕೇಳಲಿಲ್ಲ. "ಸಿಂಹಾಸನ ಆಯ್ತಲ್ಲವ್ವ" ಎಂದು ನಗಿಸಿದಳಂತೆ.

ಬಾಡಿಗೆದಾರರ ಕೋರಿಕೆಗಳಿಗೆ ನಾನೊಂದು ಪುಸ್ತಕ ಇಟ್ಟಿದ್ದೆ. ಬರೆದು ಸಹಿ ಮಾಡಿದ್ದಕ್ಕೆ ಮಾತ್ರ ಬೆಲೆ. ಪೂಜೆಯಾದ ವಾರ ಅದರಲ್ಲಿ ಆಡಿಟರು ಬರೆದರು: ಮನೆಯಲ್ಲಿ ಸರ್ಪದೋಷವಿರುವುದರಿಂದ ಕಟ್ಟೆಯ ಮೇಲೆ ಒಂದು ನಾಗರಕಲ್ಲು ಪ್ರತಿಷ್ಠೆ ಮಾಡಲು ಅನುಮತಿ ಬೇಕು. ಅರಳಿ ಇದೆ, ಬೇವಿದೆ, ಕಟ್ಟೆಯಿದೆ. ನಾಗರಕಲ್ಲು ಬೇಡವೆನ್ನಲು ನನಗೆ ಕಾರಣ ಸಿಗಲಿಲ್ಲ. ಕೋರಿಕೆ ಕ್ರಮಬದ್ಧವಾಗಿತ್ತು. ಅನುಮತಿಸಿದೆ. ಕಲ್ಲು ಬಂದಿತು. ಅರಿಸಿನ ಕುಂಕುಮ ಬಂದವು. ವಿಮೆ ಕಚೇರಿಯ ಹೆಂಗಸರು ಕಾಂಡಕ್ಕೆ ದಾರ ಸುತ್ತಿದರು. ಚಪ್ಪಲಿ ಹಾಕಿಕೊಂಡು ಹತ್ತುತ್ತಾರೆ ಎಂಬ ದೂರು ಬಂದಾಗ ನಾನೇ ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದು ಮೊಳೆ ಹೊಡೆದೆ: "ಪಾದರಕ್ಷೆ ಕೆಳಗೆ ಬಿಡಿ." ಮೊಟ್ಟೆಯ ಡಬ್ಬಿ ತರುವವರು ತಾವಾಗಿಯೇ ಕೆಳಗೆ ನಿಂತರು.

ಒಂದು ಮಂಗಳವಾರ ಆಡಿಟರು ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿಕೊಂಡರು. "ಮೇಷ್ಟ್ರೇ, ನಿಮಗೆ ಹೇಳ್ಬೇಕಾ? ಕಕ್ಕಸು ತೊಳೆಯೋಳು ನಾಗಪ್ಪನ ಕಡೆಗೆ ಕಾಲು ನೀಡ್ಕೊಂಡು ಕೂತಿರ್ತಾಳೆ."

ಆ ಕಟ್ಟೆಯ ಯೋಚನೆ ಹುಟ್ಟಿದ್ದೇ ಅವಳು ಕೂರಲೆಂದು ಎಂದು ನಾನು ಹೇಳಬಹುದಿತ್ತು. ಕಲ್ಲು ಆಮೇಲೆ ಬಂದದ್ದು ಎನ್ನಬಹುದಿತ್ತು. ಗಡಿಯಾರ ನೋಡಿದೆ. ಒಂದು ಹತ್ತು. ಎದ್ದು ಹಿತ್ತಲಿಗೆ ನಡೆದೆ.

ಹತ್ತು ಹನ್ನೆರಡು ಜನರಿದ್ದರು. ಗುಬ್ಬಿಯಮ್ಮ ಕಟ್ಟೆಯ ಅಂಚಿನಲ್ಲಿ ಕೂತಿದ್ದಳು. ತೊಡೆಯ ಮೇಲೆ ಡಬ್ಬಿ, ಇನ್ನೂ ಅರ್ಧ ಉಂಡಿದ್ದಳು.

"ಏಳಮ್ಮ. ಇನ್ಮೇಲೆ ನೀನಿಲ್ಲಿ ಕೂರೋ ಹಾಗಿಲ್ಲ," ಎಂದೆ.

"ಚಪ್ಲಿ ಕೆಳಗೇ ಬುಟ್ಟಿವ್ನಿ ಸಾಮಿ." ಕೈ ತೋರಿಸಿದಳು. ಮೆಟ್ಟಿಲ ಬುಡದಲ್ಲಿ ಅವಳ ಹವಾಯಿ ಚಪ್ಪಲಿ ಜೋಡಿಯಾಗಿ, ನೇರವಾಗಿ ಇಟ್ಟಿತ್ತು. ಬೇರೆ ಯಾರದೂ ಹಾಗಿರಲಿಲ್ಲ.

"ಚಪ್ಪಲಿ ಮಾತಲ್ಲ."

"ಇನ್ಯಾವ ಮಾತು ಸಾಮಿ?"

ಪಕ್ಕಕ್ಕೆ ಕರೆದು ಹೇಳಬಹುದಿತ್ತು. ನನ್ನ ಜೀವಮಾನದಲ್ಲಿ ನಾನು ಯಾರನ್ನೂ ಪಕ್ಕಕ್ಕೆ ಕರೆದು ಗದರಿದವನಲ್ಲ. ಒಬ್ಬನಿಗೆ ಹೇಳಿದರೆ ಇಡೀ ಸಾಲಿಗೆ ಕೇಳಬೇಕು ಎಂಬುದು ನಾನು ಕಲಿತ ಪಾಠ. "ಬೆಳಿಗ್ಗೆಯಿಂದ ಏನೇನು ತೊಳೆದಿದ್ದೀಯ ಅಂತ ನೀನೇ ಯೋಚನೆ ಮಾಡು," ಎಂದೆ.

ದೂರು ಕಂಪನಿಯ ಒಬ್ಬ ತೆಳ್ಳನೆಯ ಹುಡುಗಿ ಮಾತ್ರ ನನ್ನ ಮುಖ ನೋಡಿ ಕೇಳಿದಳು: "ಅವರು ತೊಳೆದಿರೋದು ನಮ್ದನ್ನೇ ಅಲ್ವಾ ಸರ್?"

"ನಿಮ್ಮ ಬ್ಯಾಚಿನ ಟೈಮು ಮುಗಿದು ನಾಲ್ಕು ನಿಮಿಷ ಆಯ್ತು," ಎಂದೆ.

ಅವರು ಒಬ್ಬೊಬ್ಬರಾಗಿ ಎದ್ದು ಹೋದರು. ಗುಬ್ಬಿಯಮ್ಮ ಡಬ್ಬಿ ಮುಚ್ಚಿದಳು. ಒಂದು ಕಾಲನ್ನು ಎರಡು ಕೈಯಲ್ಲಿ ಎತ್ತಿ ಕೆಳಗಿಟ್ಟಳು, ಆಮೇಲೆ ಇನ್ನೊಂದನ್ನು. ಮೂರು ಮೆಟ್ಟಿಲಿಳಿಯಲು ಬಹಳ ಹೊತ್ತಾಯಿತು. ನಾನು ಕೈ ಕೊಡಲಿಲ್ಲ. ಕೋಣೆಗೆ ಬಂದು ಪುಸ್ತಕದಲ್ಲಿ "ದೂರು ಪರಿಹರಿಸಲಾಗಿದೆ" ಎಂದು ಬರೆದು ಸಹಿ ಹಾಕಿದೆ. ಮನಸ್ಸಿಗೆ ಹಗುರವೆನ್ನಿಸಿತು. ಅದನ್ನು ಮುಚ್ಚಿಡುವುದಿಲ್ಲ. ಅಚ್ಚುಕಟ್ಟಾಗಿ ಮುಗಿದ ಕೆಲಸ ಯಾವತ್ತೂ ನನಗೆ ಆ ಹಗುರ ಕೊಟ್ಟಿದೆ.

ಮಾರನೆಯ ದಿನದಿಂದ ಆಕೆ ಊಟಕ್ಕೆ ಜನರೇಟರಿನ ಹಿಂದಕ್ಕೆ ಹೋದಳು. ಅಲ್ಲಿ ಕಾಂಪೌಂಡು ಗೋಡೆಗೂ ಜನರೇಟರಿಗೂ ನಡುವೆ ನಾಲ್ಕಡಿ ಸಂದು. ಎರಡು ಖಾಲಿ ಪೇಂಟ್ ಡಬ್ಬ ಬೋರಲು ಹಾಕಿ, ಒಂದರ ಮೇಲೆ ಕೂತು ಇನ್ನೊಂದರ ಮೇಲೆ ಕಾಲಿಡುತ್ತಿದ್ದಳು. ವಾರದೊಳಗೆ ತೆಳ್ಳನೆಯ ಹುಡುಗಿ ಅಲ್ಲಿಗೆ ಹೋದಳು. ಹಿಂದೆಯೇ ಇನ್ನು ಮೂವರು. ವಕೀಲರ ಕಿರಿಯನೊಬ್ಬ ಸಿಮೆಂಟ್ ಚೀಲ ಹಾಸಿಕೊಂಡು ಕೂತ. ಕಟ್ಟೆಯ ಮೇಲೆ ನಾಗಪ್ಪ ಒಬ್ಬನೇ ಉಳಿದ. ಸಂದಿನೊಳಗಿಂದ ನಗು ನನ್ನ ಕಿಟಕಿಯವರೆಗೆ ಕೇಳುತ್ತಿತ್ತು.

ಕುಣಿಗಲ್ಲಿನ ಹುಡುಗಿ ತನ್ನ ಮೊದಲ ಕೆಲಸದ ಫೋಟೋ ತೆಗೆದುಕೊಳ್ಳಲು ಬಂದಳು. ಕಟ್ಟೆಯನ್ನು ಒಂದು ಸುತ್ತು ಬಂದು, ತಗಡಿನ ಬೋರ್ಡು ಓದಿ, ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡಳು. ಗುಬ್ಬಿಯಮ್ಮ ಎಲ್ಲಿ ಎಂದು ಕೇಳಿ, ಜನರೇಟರಿನ ಹಿಂದೆ ಅರ್ಧ ಗಂಟೆ ಕೂತಿದ್ದು ಬಂದಳು.

"ಸರ್, ನಿಮ್ಮ ಬಿಲ್ಡಿಂಗಲ್ಲಿ ಎಲ್ರೂ ಸೇರೋ ಜಾಗ ಈಗ ಅದೊಂದೇ. ಅದನ್ನಾದ್ರೂ ಹಾಗೇ ಬಿಡಿ," ಎಂದಳು.

ನಾನು ಬಿಡಲಿಲ್ಲ. ಆ ಸಂದಿನಲ್ಲಿ ಡೀಸೆಲ್ ಕ್ಯಾನು ಇಡುತ್ತಿದ್ದೆವು. ಅಲ್ಲಿ ಜನ ಕೂರಬಾರದು ಎಂಬ ನಿಯಮ ಸರಿಯಾದದ್ದೇ. ಈಗ ಕೇಳಿದರೂ ಸರಿಯೆನ್ನುತ್ತೇನೆ. ಆದರೆ ಕ್ಯಾನನ್ನು ಬೇರೆ ಕಡೆಗೆ ಸಾಗಿಸಲು ಹತ್ತು ನಿಮಿಷ ಸಾಕಿತ್ತು. ನಾನು ವೆಲ್ಡಿಂಗಿನವನನ್ನು ಕರೆಸಿ ಸಂದಿಗೆ ಜಾಲರಿ ಗೇಟು ಹಾಕಿಸಿ ಬೀಗ ಜಡಿದೆ. ಮೂವತ್ತು ಜನರ ಕಂಪನಿ ಮುಂದಿನ ತಿಂಗಳೇ ರಿಂಗ್ ರೋಡಿಗೆ ಹೋಯಿತು. ಮ್ಯಾನೇಜರು ಕಾರಣ ಹೇಳಲಿಲ್ಲ. ಯಜಮಾನರು ಕೇಳಿದಾಗ, ಈಗಿನ ಹುಡುಗರಿಗೆ ಶಿಸ್ತು ಒಗ್ಗುವುದಿಲ್ಲ ಎಂದೆ.

ಗುಬ್ಬಿಯಮ್ಮ ಹಿಂದಿನ ಗೇಟಿನ ಹತ್ತಿರ ನಿಂತೇ ಉಣ್ಣತೊಡಗಿದಳು. ಐದು ನಿಮಿಷದಲ್ಲಿ ಡಬ್ಬಿ ಮುಚ್ಚಿ ಕೆಲಸಕ್ಕೆ ಹೋಗುತ್ತಿದ್ದಳು. ಹಾಗೆ ಇಪ್ಪತ್ತು ದಿನ ನಡೆದಿರಬೇಕು. ಒಂದು ಮಧ್ಯಾಹ್ನ ಎರಡನೆಯ ಮಹಡಿಗೂ ಮೂರನೆಯದಕ್ಕೂ ನಡುವಿನ ಮೆಟ್ಟಿಲ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ಬಕೀಟು ಪಕ್ಕದಲ್ಲಿತ್ತು. ಸೀರೆಯ ಅಂಚು ಮೇಲಕ್ಕೆ ಸರಿದು ಕಾಲು ಕಾಣುತ್ತಿತ್ತು. ಮೊಣಕಾಲಿನಿಂದ ಕೆಳಗೆ ಬದನೆಕಾಯಿಯ ಬಣ್ಣ.

ದಾರಿಗೆ ಅಡ್ಡವಾಗುತ್ತದೆ, ಏಳು ಎಂದೆ.

ಆಕೆ ಏಳಲಿಲ್ಲ. ಸಿಟ್ಟೂ ಮಾಡಲಿಲ್ಲ. "ಎಲ್ಲಿ ಕುಂತ್ಕಳ್ಳಿ ಸಾಮಿ? ನೀವೇ ತೋರ್ಸಿ. ಇಷ್ಟು ದೊಡ್ ಬಿಲ್ಡಿಂಗ್ ಐತೆ."

ಆ ಕಟ್ಟಡದ ಒಂದೊಂದು ಚದರಡಿಯೂ ನನಗೆ ಗೊತ್ತಿತ್ತು. ಎರಡನೆಯ ಮಹಡಿ ಪೂರ್ತಿ ಖಾಲಿ ಬಿದ್ದಿತ್ತು, ಅದರ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಊಟದ ಹಾಲಿನಲ್ಲಿ ಎರಡು ಸಾಲು ಗ್ರಾನೈಟಿನ ಮೇಲೆ ಧೂಳು ಕೂತಿತ್ತು. ಆದರೂ ನನ್ನ ಬಾಯಿಂದ ಬಂದದ್ದು ಇದು: "ಕೋರಿಕೆ ಪುಸ್ತಕದಲ್ಲಿ ಬರೆದುಕೊಡು. ನೋಡೋಣ."

"ಬರಿಯಾಕ್ ಬಂದಿದ್ರೆ ಬಕೀಟ್ ಯಾಕ್ ಹಿಡೀತಿದ್ದೆ?" ಎಂದಳು. ಕಂಬಿ ಹಿಡಿದು ಎದ್ದು, ಉಳಿದ ಮೆಟ್ಟಿಲುಗಳನ್ನು ಒರೆಸಿಕೊಂಡು ಮೇಲೆ ಹೋದಳು. ನಾನು ಕೆಳಗಿಳಿದೆ. ಬರೆದುಕೊಡಬಹುದಾದ ಕೈ ಅಲ್ಲಿ ನನ್ನದೊಂದೇ ಇತ್ತೆಂಬುದು ನನಗೆ ಹೊಳೆಯದೆ ಇರಲಿಲ್ಲ.

ಆ ಶನಿವಾರ ಸಂಜೆ ಆಕೆ ಪೊರಕೆ ಕಪಾಟಿನ ಬೀಗದ ಕೈ ತಂದು ನನ್ನ ಮೇಜಿನ ಮೇಲಿಟ್ಟು, ಇನ್ನು ಆಗುವುದಿಲ್ಲ ಎಂದಳು. ಪೊರಕೆ ಎಷ್ಟು, ಬಕೀಟು ಎಷ್ಟು, ಫಿನಾಯಿಲ್ ಎಷ್ಟು ಉಳಿದಿದೆ ಎಂದು ನಾನು ಕೇಳಿದೆ. ಎಲ್ಲಕ್ಕೂ ಸರಿಯಾಗಿ ಉತ್ತರ ಹೇಳಿದಳು. ಅಷ್ಟು ಹೊತ್ತೂ ನಿಂತೇ ಇದ್ದಳು, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತ. ಬರೆದು ಮುಗಿಸಿ ತಲೆಯೆತ್ತಿದ ಮೇಲೆ, ಅಷ್ಟು ವರ್ಷದಲ್ಲಿ ಮೊದಲ ಸಲ, ಎದುರಿನ ಕುರ್ಚಿ ತೋರಿಸಿ "ಕೂತ್ಕೊಳ್ಳಮ್ಮ" ಎಂದೆ.

ಆಕೆ ಕುರ್ಚಿಯನ್ನು ನೋಡಿದಳು. "ಟ್ರೈನಿಗ್ ಹೊತ್ತಾಯ್ತು ಸಾಮಿ. ಅದ್ರಲ್ಲೇ ಕುಂತ್ಕತೀನಿ," ಎಂದು ಹೊರಟಳು.

ಶನಿವಾರ ಸಂಜೆಯ ಆ ಗಾಡಿ ಬೆಂಗಳೂರಿನಿಂದಲೇ ತುಂಬಿಕೊಂಡು ಬರುತ್ತದೆ. ತುಮಕೂರಿನಲ್ಲಿ ಹತ್ತಿದವರಿಗೆ ಗುಬ್ಬಿಯವರೆಗೂ ಬಾಗಿಲಲ್ಲಿ ನಿಂತೇ ಪ್ರಯಾಣ. ಅದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು.